ಕವಲುದಾರಿಯ ಹಸಿರು ಟೊಂಗೆ

ಎರಡು ಸಾವಿರದ ಇಸವಿ. ಹೋಳಿ ಹುಣ್ಣಿಮೆ ಕಳೆದು ಐದು ದಿನವಾಗಿತ್ತು. ಬೆಳಗಾವಿಯ ಕಾಲೇಜಿನಲ್ಲಿ ಕೂಡಿ ಓದುತ್ತಿದ್ದ ನಾವು ಮೂವರು, ನಾನು, ಅಮರ, ನೇತ್ರಾ, ಮುಂಜಾನೆಯ ಬಸ್ಸಿಗೆ ಖಾನಾಪುರದಲ್ಲಿ ಇಳಿದು ಕಾಡಿನ ಕಾಲುದಾರಿ ಹಿಡಿದಿದ್ದೆವು. ಆ ದಿನಗಳಲ್ಲಿ ಆ ಕಾಡನ್ನು ನೋಡಬೇಕು. ಮುತ್ತಲ ಗಿಡ ಎಲೆಯನ್ನೆಲ್ಲ ಬಿಟ್ಟುಕೊಟ್ಟು ಬರೀ ಹೂವಾಗಿ ನಿಂತಿರುತ್ತದೆ. ಕವಳಿ ಕಂಟಿಯ ಬಿಳಿ ಹೂವಿನ ವಾಸನೆ ದಾರಿಯುದ್ದಕ್ಕೂ ಜೊತೆಗೇ ನಡೆದು ಬರುತ್ತದೆ. ಮಧ್ಯಾಹ್ನ ನಾಲ್ಕು ಗಂಟೆಯ ಸುಮಾರಿಗೆ ಮೋಡ ಕವಿದು, ಕಾಲವಲ್ಲದ ಮಳೆ ಹಿಡಿಯಿತು. ಏರು ಹತ್ತಿ ಓಡಿದೆವು. ಮೇಲೆ ಬೀರಪ್ಪನ ಸಣ್ಣ ಗುಡಿ, ಮುಂದೆ ತಗಡಿನ ಚಪ್ಪರ. ಒಳಗೆ ಕಂಬಳಿ ಹೊದ್ದ ಮುದುಕನೊಬ್ಬ ಮೂರು ಕಲ್ಲಿನ ಒಲೆಗೆ ಕಡ್ಡಿ ಮುರಿದು ಹಾಕುತ್ತಿದ್ದ.

"ಬರ್ರಿ, ಒಳಗ ಬರ್ರಿ. ದೇವರ ಮನಿ, ಕೇಳೂದೇನೈತಿ? ಕುಂದರ್ರಿ."

ಅಮರ ಏದುಸಿರು ಬಿಡುತ್ತ ಕಂಬಕ್ಕೆ ಒರಗಿದ. ನೇತ್ರಾ ನಕ್ಕಳು. "ಇಂವ ನಮ್ಮ ಮಹಾಂತೇಶ ನಗರದಾಗ ಅಂಗಡಿಗೆ ಹೋಗಾಕ ಆಟೋ ಹುಡಕೂ ಮನಶ್ಯಾರಿ ಅಜ್ಜಾರ. ಇವತ್ತ ಓಡ್ಯಾನಂದ್ರ ಮಳಿ ಬಂದೇ ಬರಬೇಕು."

ಮುದುಕ ಸಣ್ಣಗೆ ನಕ್ಕು ಮೂರು ಕಪ್ಪಿಗೆ ಬೆಲ್ಲದ ಚಹಾ ಬಗ್ಗಿಸಿದ. ಕುಡಿಯುತ್ತ ನೇತ್ರಾ ಕೇಳಿದಳು. "ದಾರಿ ಒಡದಲ್ಲೆಲ್ಲಾ ಯಾರೋ ಹಸರ ಟೊಂಗಿ ಅಡ್ಡ ಇಟ್ಟು ಮ್ಯಾಲೆ ಕಲ್ಲ ಹೇರ್ಯಾರಲ್ಲ, ಯಾಕ್ರಿ ಅದು?"

ಮುದುಕನ ಕೈ ನಿಂತಿತು. "ಎತ್ತಿದ್ರೇನು?"

"ಇಲ್ಲರಿ. ಇಂವ ಎತ್ತಾಕ ಹೋಗಿದ್ದ, ನಾನ ಬ್ಯಾಡಂದೆ."

"ಛಲೋ ಮಾಡಿದಿ, ಯವ್ವಾ." ಬೀರಪ್ಪನ ಭಂಡಾರದ ಅರಿಶಿನವನ್ನು ಚಿಟಿಕೆಯಲ್ಲಿ ತೆಗೆದು ಹಣೆಗೆ ಹಚ್ಚಿಕೊಂಡ. ತಗಡಿನ ಮೇಲೆ ಮಳೆ ಒಂದೇ ಸಮ ಬಡಿಯುತ್ತಿತ್ತು. ಆಮೇಲೆ, ನಮಗೆ ಹೇಳಿದನೋ ಮಳೆಗೆ ಹೇಳಿದನೋ, ಹೇಳತೊಡಗಿದ.

"ನನ್ನ ಹೆಸರ ಕರೆಪ್ಪ. ಕುರಿ ಕಾಯಾಂವ. ಬ್ಯಾಸಗಿ ಬಂತಂದ್ರ ನಾವು ಹಿಂಡ ಹೊಡಕೊಂಡು ಈ ಕಡೆ ಬರತೀವಿ, ಭತ್ತ ಕೊಯ್ದ ಹೊಲದಾಗ ರಾತ್ರಿ ಕುರಿ ತರಬಿ ನಿಲ್ಲಸತೀವಿ, ಹಿಕ್ಕಿ ಅವರ ಹೊಲಕ್ಕ ಗೊಬ್ಬರ ಆಕ್ಕೈತಿ, ಅವರ ಕಾಳು ನಮ್ಮ ಹೊಟ್ಟಿಗಿ ಆಕ್ಕೈತಿ. ಒಂದ ಊರಿಂದ ಇನ್ನೊಂದ ಊರಿಗೆ ಹೋಗೂದು ಈ ಕಾಡಿನ ದಾರೀಲೆ. ಮುಂದ ಹೋಗಾಂವ, ದಾರಿ ಒಡದಲ್ಲಿ, ಬ್ಯಾಡಾದ ದಾರಿಗೆ ಹಸರ ಟೊಂಗಿ ಅಡ್ಡ ಇಟ್ಟ ಹೋಗಬೇಕು. ಎಲ್ಲಾರಕಿಂತ ಕಡೀಗೆ ಬರಾಂವ ಅದನ್ನ ಎತ್ತಿ ಒಗೀಬೇಕು, ಇಲ್ಲಂದ್ರ ಬ್ಯಾರೆ ಮಂದಿಗೆ ದಾರಿ ತಪ್ಪತೈತಿ. ಮತ್ತ ಮುಂದಿನಾಂವ ‘ಕೂ’ ಅನಬೇಕು, ಹಿಂದಿನಾಂವ ‘ಓ’ ಅನಬೇಕು. ಹಿಂದಿನಾಂವ ತಾನಾಗಿ ಎಂದೂ ಕೂಗೂದಿಲ್ಲ... ನಮ್ಮಪ್ಪನ ಕಾಲದಿಂದ ಹಂಗ ನಡದೈತಿ.

"ಆರ ವರ್ಷದ ಹಿಂದ, ಇದ ದಿನಮಾನ. ತಮ್ಮ ಬೀರೇಶ ಹಿಂಡ ಹೊಡಕೊಂಡು ಮುಂದ ಹೋಗಿದ್ದ. ನಾನೂ ನನ್ನ ಹೇಣ್ತಿ ಮಾಯಕ್ಕನೂ ಹಿಂದ. ಒಂದ ಗಬ್ಬದ ಕುರಿ ಕುಂಟತಿತ್ತು. ಅಕಿ ಅಂದ್ಲು, ‘ಒಂದ ಗಳಿಗಿ ತಡೀರಿ, ಮೂಕ ಪ್ರಾಣಿ, ದಣದೈತಿ.’ ಹೊತ್ತ ಮುಳುಗೂದರಾಗ ಹೊಲ ಸೇರಬೇಕು, ನಾ ತಡಿಯಂಗಿಲ್ಲ ಅಂದೆ. ‘ಹಂಗಾರ ನೀವು ನಡೀರಿ. ನಾ ಹೊಲದವ್ರ ಗಾಡ್ಯಾಗ ಕುರಿ ಹಾಕ್ಕೊಂಡು ರಸ್ತಾದ ಮ್ಯಾಲೆ ಬರತೀನಿ. ನಿಮ್ಮ ಬೆನ್ನ ನೋಡಿ ನೋಡಿ ಸಾಕಾಗೈತಿ’ ಅಂದ್ಲು. ಸಿಟ್ಟಿನ ಮಾತು. ನಾನೂ ಸಿಟ್ಟಿನ್ಯಾಗ ಹೊಂಟೆ. ಅಕಿ ಗಾಡ್ಯಾಗ ಬರತಾಳಂದ ಮ್ಯಾಲೆ ಕಡೀಯಾಂವ ನಾನ ಆದೆ, ಅಲ್ಲೇನು? ... ಈ ಗುಡಿತನಕ ಬರೂ ನಾಕೂ ಕವಲಿನ್ಯಾಗ ಬೀರೇಶ ಇಟ್ಟ ಟೊಂಗಿ ಎತ್ತಿ ಒಗದೆ. ಹೊಳ್ಳಿ ನೋಡಲಿಲ್ಲ. ಒಂದ ಸಲಾನೂ ಕೂ ಅನಲಿಲ್ಲ.

"ಇಪ್ಪತ್ತೆಂಟ ವರ್ಷ ಬಾಳ್ವೆ ಮಾಡಿದಾಂವ ನಾ. ಅಕಿ ಸಿಟ್ಟು ಅರ್ಧ ತಾಸ ಇರೂದಿಲ್ಲ ಅಂತ ನನಗಲ್ಲದ ಮತ್ಯಾರಿಗೆ ಗೊತ್ತಿರಬೇಕಿತ್ತು? ಸಿಟ್ಟಿಳದು, ಗಾಡಿ ಬಿಟ್ಟು, ಕುರಿ ಹೊಡಕೊಂಡು ನನ್ನ ಹಿಂದ ಬಂದಾಳ. ಮೊದಲ ಕವಲಿಗೆ ನಿಂತು ಟೊಂಗಿ ಹುಡಿಕ್ಯಾಳ. ಇಲ್ಲ. ಟೊಂಗಿ ನಂಬಿ ನಡದ ಕಾಲು, ಅದಿಲ್ಲದಲ್ಲಿ ಯಾವ ಕಡೆ ಹೊಳ್ಳಬೇಕು, ಹೇಳ್ರಿ? ... ಮೂರನೇ ದಿನ ದರಿಯೊಳಗ ಸಿಕ್ಕಳು. ಕುರಿ ಬಾಜೂಕ ನಿಂತಿತ್ತು. ಮರಿ ಹಾಕಿತ್ತು. ಮರಿ ಜೀವಂತ ಇತ್ತು."

ನೇತ್ರಾ ಕಪ್ಪನ್ನು ನೆಲಕ್ಕಿಟ್ಟಳು.

"ಮರುವರ್ಷ ಇದ ದಿನ ನಾ ಒಬ್ಬನ ಬಂದೆ. ಕುರಿ ಎಲ್ಲಾ ತಮ್ಮಗ ಕೊಟ್ಟಬಿಟ್ಟಿದ್ದೆ. ನಾಕೂ ಕವಲಿಗೆ ಟೊಂಗಿ ಇಟಗೋತ ಬಂದು, ಈ ಕಟ್ಟಿ ಮ್ಯಾಲೆ ನಿಂತು, ಕೂ ಅಂದೆ. ಆ ವ್ಯಾಳ್ಯಾದಾಗ ಕೂಗಬೇಕಿತ್ತು, ಕೂಗಿದ್ದಿಲ್ಲ, ಅದಕ್ಕ. ... ದೂರ, ಮೊದಲ ಕವಲಿನ ಕಡಿಂದ, ‘ಓ’ ಅಂದ್ಲು. ಹಕ್ಕಿ ಇರಬೇಕಂತೀರಿ. ನಾನೂ ಹಂಗ ಅನಕೊಂಡೆ. ಅದರ ಮುಂದಿನ ವರ್ಷ ಎರಡನೇ ಕವಲಿಂದ ಬಂತು. ವರ್ಷಕ್ಕ ಒಂದ ಕವಲು ದಾಟಿ ಬರತಾಳ, ನೋಡ್ರಿ. ನಡುವ ಒಂದ ವರ್ಷ ನಿಮ್ಮಂಥಾ ಕಾಲೇಜಿನವ್ರು ದಾರಿ ಸ್ವಚ್ಛ ಮಾಡತೀವಂತ ಟೊಂಗಿ ಎತ್ತಿ ಒಗದಿದ್ರು, ಪಾಪ, ಅವರಿಗೇನ ಗೊತ್ತು... ಆ ವರ್ಷ ಓ ಬರಲಿಲ್ಲ. ಅಷ್ಟ ಒಂಟಿ ನಾ ಅಕಿ ಮಣ್ಣಾದ ದಿನಾನೂ ಇದ್ದಿದ್ದಿಲ್ಲ. ಹ್ವಾದ ವರ್ಷ ನಾಕನೇ ಕವಲಿಂದ ಓ ಅಂದ್ಲು. ಅಗದೀ ಇಲ್ಲೆ, ಆ ನೇರಲ ಗಿಡದ ತೆಳಗ. ಓಡಿ ಹೋದೆ. ಯಾರೂ ಇಲ್ಲ.

"ನಿನ್ನೆ ಟೊಂಗಿ ಇಟ್ಟು ಮುಗಿಸಿ, ಬೀರಪ್ಪಗ ದೀಪ ಹಚ್ಚಿ, ಕೂಗಾಕಂತ ಕಟ್ಟೀಗೆ ಬಂದ ನಿಂತೆ. ಬಾಯಿ ತೆಗದಿದ್ದಿಲ್ಲ ಇನ್ನಾ... ಆಕಡಿಂದ ಕೂಗು ಬಂತು. ನೀವು ಏರಿ ಬಂದ ಕಡಿಂದಲ್ಲ, ತಮ್ಮಾ. ಗುಡಿ ಹಿಂದ, ಮುಂದಿನ ಊರಿಗೆ ಇಳಿಯೂ ದಾರಿಯಿಂದ. ಓ ಅಲ್ಲ. ಕೂ ಅಂದ್ಲು. ಅಕೀನ. ... ದೀಪ ಹಿಡಕೊಂಡು ಹೋಗಿ ನೋಡಿದೆ. ಅಲ್ಲಿ ದಾರಿ ಒಡದಲ್ಲಿ ಹಸರ ಟೊಂಗಿ ಇತ್ತು, ಮ್ಯಾಲೆ ಕಲ್ಲು. ನಾ ಇಟ್ಟಿದ್ದಲ್ಲ."

ಅಮರ ಮೆಲ್ಲಗೆ ಕೇಳಿದ. "ನೀವು ಓ ಅಂದ್ರ್ಯಾ, ಅಜ್ಜಾರ?"

"ಇನ್ನಾ ಅಂದಿಲ್ಲ. ಅಂಜಿಕಿ ಅಲ್ಲಪಾ. ಆರ ವರ್ಷ ಅಕಿ ನನ್ನ ಬೆನ್ನ ಹುಡಿಕ್ಯಾಳ, ಎರಡ ರಾತ್ರಿ ನಾ ಅಕಿ ದಾರಿ ನೋಡಿದ್ರ ತಪ್ಪೇನಿಲ್ಲ ಅನಿಸಿತು. ಬೆಳಗಾದ್ರ ಬೀರಪ್ಪಗ ಕೈ ಮುಗದು, ಓ ಅಂದು ಇಳೀತೀನಿ." ಒಲೆಯ ಬೆಂಕಿಯನ್ನು ನಮ್ಮ ಕಡೆಗೆ ಸರಿಸಿದ. "ನೀವು ರಾತ್ರಿ ಇಲ್ಲೇ ಇದ್ದು, ಮಳಿ ನಿಂತು ಹೊಳವಾದ ಮ್ಯಾಲೆ, ಬೆಳಕ ಹರದಿಂದ ಸಾವಕಾಶ ಬರ್ರಿ. ಗುಡಿ ಹಿಂದಿನ ಅದ ದಾರಿ. ಕವಲಿನ್ಯಾಗ ಟೊಂಗಿ ಕಂಡ್ರ ಎತ್ತಿ ಬಾಜೂಕ ಒಗೀರಿ. ನನ್ನ ಹಿಂದ ಬರಾವ್ರು ಈಗ ಯಾರೂ ಇಲ್ಲ."