ಬಂಡ್ರಿ ಹಳ್ಳಕ್ಕೆ ಬಿದ್ದ ಪೆಟ್ಟಿಗೆ

೧೯೪೨ರ ಬೇಸಿಗೆ. ಹೊಸಪೇಟೆ ಸ್ಟೇಷನ್ನಿನಲ್ಲಿ ಗುಂತಕಲ್ ಗಾಡಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ಕಾಲೇಜು ವಿದ್ಯಾರ್ಥಿಯೂ ಬಂಡ್ರಿಯ ಒಬ್ಬ ರೈತನೂ ಕುಳಿತಿದ್ದರು. ನಡುವೆ ಒಂದು ತಗಡಿನ ಪೆಟ್ಟಿಗೆ. ಆಕಾಶದಿಂದ ಬರುವ ಕಿರಣಗಳ ಗುರುತು ಹಿಡಿಯಲು ಅದನ್ನು ಕಾಲೇಜಿನ ವಿದ್ಯಾರ್ಥಿಗಳೇ ಮಾಡಿ, ಬಲೂನಿಗೆ ಕಟ್ಟಿ, ಅನಂತಪುರದಿಂದ ಮುಗಿಲಿಗೆ ಬಿಟ್ಟಿದ್ದರಂತೆ.

“ಹಳ್ಳದಾಗ ಬಿದ್ದಿತ್ತು, ತಮ್ಮಾ. ಒಳಗೆಲ್ಲ ನೀರು. ಆದ್ರೂ ಗಾಜು ಒಂದೂ ಒಡದಿಲ್ಲ ನೋಡು.”

“ಒಣಗಿದ್ದು ಹೆಂಗ, ಕಾಕಾ?”

“ಕಪ್ಪು ಕಾಗದ ಬಿಚ್ಚಿ ಮಾಳಿಗಿ ಮ್ಯಾಲ ಬಿಸಲಿಗೆ ಹರವಿದ್ದೆ. ನನ್ನ ಮಗಳು ಉಚ್ಚೆಂಗಮ್ಮ ಎರಡು ದಿನ ಕಾಗಿ ಓಡಿಸಿದಳು.”



“ಅವು ಫೋಟೋ ಪ್ಲೇಟು, ಕಾಕಾ. ಬೆಳಕು ಬಿದ್ರ ಮೂಡಿದ್ದೆಲ್ಲ ಹೋಗಿಬಿಡತೈತಿ.”

“ಬಿಚ್ಚಬ್ಯಾಡ್ರಿ ಅಂತ ಮ್ಯಾಲ ಬರೀಬಾರದಾ?”

“ಇಂಗ್ಲೀಷಿನಾಗ ಬರದಿದ್ವಿ, ತೆಲುಗಿನಾಗ ಬರದಿದ್ವಿ. ಕಂಪ್ಲಿಯಾಂವ ನಾನ ಇದ್ದೂ, ಕನ್ನಡದಾಗ ಬರೀಲಿಲ್ಲ.”

“ಆತು ಬಿಡು. ಮುಂದಿನ ಸಲ ಬಿದ್ರ ಹಸೀ ಇದ್ದಂಗ ತರ್ತೀನಿ.”

“ಮುಂದಿನ ಸಲ ಇಲ್ಲ. ರಬ್ಬರೆಲ್ಲ ಯುದ್ಧಕ್ಕ ಹೋಗೈತಿ. ಇದ ಕಡೀ ಬಲೂನು.”

ಗಾಡಿ ಬಂದಾಗ ರೈತ ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡ. ಹೆಗಲ ಮೇಲಿನ ವಲ್ಲಿಬಟ್ಟೆ ತೆಗೆದು, ಬೆಳಕು ಬೀಳದ ಹಾಗೆ ಪೆಟ್ಟಿಗೆಯನ್ನು ಎಲ್ಲ ಕಡೆಯಿಂದ ಮುಚ್ಚಿ ಬಿಸಿಲಿಗಿಳಿದ. ಹುಡುಗ ಬೇಡವೆನ್ನಲಿಲ್ಲ.