ಡೆಲ್ಮಾ ನಿಲ್ಲಿಸಿದ ಗಾಜಿನ ಗೋಡೆ

ಕೊಲ್ಲಿ ದೇಶದ ಸಬ್ಹಾನ್‌ನ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ನಿಂತಿದ್ದವಳ ಸಮವಸ್ತ್ರದ ಮೇಲೆ ‘ಡೆಲ್ಮಾ, ಟ್ರೈನಿ’ ಎಂದಿತ್ತು. ಬೇರೆ ಕಟ್ಟಡದ ಸೈಟಿನಿಂದ ಬಂದ ನರೆಗೂದಲಿನವರೊಬ್ಬರು ಅವಳನ್ನು ಕಂಡವರೇ ಕೇಳಿದರು.

“ಎಂತಾಯ್ತು ಮಾರಾಯ್ತಿ, ಇನ್‌ಸ್ಪೆಕ್ಷನ್?”

“ಬ್ಯಾಂಕಿನ ಗಾಜಿನ ಗೋಡೆ ನಾನೊಬ್ಬಳೇ ನಿಲ್ಲಿಸಿದ್ದಲ್ವಾ ಸದಾನಂದಣ್ಣ? ಇಂಜಿನಿಯರ್ ಮೂರು ಸಲ ಲೇಸರ್ ಹಿಡಿದು ನೋಡಿದ್ರು.”

“ಓರೆ ಉಂಟಂತಾ?”

“ಒಂದು ಮಿಲ್ಲಿಮೀಟರ್ ಸಹ ಇಲ್ಲ!”

“ಫೇಲಾದ್ರೆ ವಾಪಸ್ ಆಫೀಸಿಗೆ, ಟೈಪಿಂಗಿಗೆ ಅಂದಿದ್ರಲ್ಲ?”

“ಅದು ಖಲಾಸ್. ಮೇಲಿನ ಮಹಡಿಯ ಗೋಡೆಗಳೂ ನನಗೇ. ಜೊತೆಗೆ ಯಾರು ಬೇಕು ಅಂತ ಕೇಳಿದ್ರು.”

“ಯಾರ ಹೆಸರು ಹೇಳಿದ್ದಿ?”

“ನಿಮ್ಮದು.”

“ಅಬ್ಬ! ಕಲಿಸಿದವನನ್ನೇ ಹೆಲ್ಪರ್ ಮಾಡಿದ್ಯಾ?”

ಅಷ್ಟರಲ್ಲಿ ಬಸ್ ಬಂತು. ಸದಾನಂದರು ಜೋರಾಗಿ ನಗುತ್ತಾ, ಅವಳ ಉಪಕರಣಗಳ ಚೀಲವನ್ನು ತಾವೇ ಹೆಗಲಿಗೇರಿಸಿಕೊಂಡು ಹತ್ತಿದರು.