ಗೋಡೆಯೊಳಗಿನ ತಮ್ಮ

ಶನಿವಾರ ಮಧ್ಯಾಹ್ನ ಪುಯೆಬ್ಲಾ ಊರಿನ ಇಗರ್ಜಿಯಲ್ಲಿ ಪಾಪನಿವೇದನೆಗೆ ಹೆಂಗಸರು ಸಾಲುಗಟ್ಟಿದ್ದರು. ಪಕ್ಕದಲ್ಲೇ ಮೇಣದಬತ್ತಿ ಮಾರುತ್ತಿದ್ದ ಫೌಸ್ತೀನೊ, ಸಾಲಿನಲ್ಲಿದ್ದ ಹಿರಿಯ ಹೆಂಗಸು ದೊನ್ಯಾ ಎದುವಿಹೆಸ್ ಮತ್ತು ಅವಳ ನೆರೆಮನೆಯ ತೊಮಾಸಾಳ ಮಾತಿಗೆ ಕಿವಿಗೊಟ್ಟ.

“ಪಾದ್ರಿಗಳು ನೋಡಬಾರದು ಅಂದಿದ್ರಲ್ಲ, ಆ ಮಾತಾಡೋ ಸಿನಿಮಾ ನೋಡಿಬಿಟ್ಟೆ ಕಣೇ,” ಎಂದಳು ಎದುವಿಹೆಸ್.

“ಅಯ್ಯೋ ಅಕ್ಕಾ, ಯಾಕೆ ಹೋದ್ರಿ?”

“ಪ್ರವಚನದಲ್ಲಿ ಅವರೇ ಅಷ್ಟು ಚೆನ್ನಾಗಿ ಬಣ್ಣಿಸಿದ್ರೆ ಸುಮ್ನಿರಕ್ಕಾಗತ್ತಾ? ಸನ್ಯಾಸಿಯೊಬ್ಬ ಆಸ್ತಿಗೋಸ್ಕರ ಸ್ವಂತ ತಮ್ಮನ್ನ ಜೀವಂತವಾಗಿ ಮಠದ ಗೋಡೆಯೊಳಗೆ ಹಾಕಿ ಮುಚ್ತಾನೆ. ಒಳಗಿಂದ ಅವನು ಗೋಡೆ ಕೆರೆಯೋ ಸದ್ದು ಕೇಳಿ ಅತ್ತೂ ಅತ್ತೂ ನನ್ನ ಶಾಲೇ ಒದ್ದೆಯಾಯ್ತು.”

“ನಿಮ್ಮ ತಂಗಿ ಹಸಿಂತಾ ಇನ್ನೂ ನೀವು ಸೇರಿಸಿದ ಹುಚ್ಚಾಸ್ಪತ್ರೆಲೇ ಇದಾಳಾ?”

“ಇದಾಳೆ. ಪಾಪ, ಅವಳ ಮನೆಲಿ ನಾನೇ ಇದೀನಿ.”

“ಅವಳಿಗೆ ಹುಚ್ಚು ಇರ್ಲಿಲ್ವಲ್ಲಾ ಅಕ್ಕಾ.”

“ಶ್! ದೇವರ ಮುಂದೆ ಹರಟೆ ಹೊಡೀಬಾರದು.”

ಸರದಿ ಬಂತು. ಎದುವಿಹೆಸ್ ಪಾದ್ರಿ ಕೂತಿದ್ದ ಗೂಡಿನ ಜಾಲರಿಯ ಮುಂದೆ ಮೊಣಕಾಲೂರಿದಳು. ಫೌಸ್ತೀನೊ ಒಂದು ಬತ್ತಿ ಮಾರುವಷ್ಟರಲ್ಲಿ ಎದ್ದು ಬಂದಳು.

“ಇಷ್ಟು ಬೇಗ? ಎಲ್ಲಾ ಹೇಳಿದ್ರಾ?” ಎಂದು ತೊಮಾಸಾ ಕೇಳಿದಳು.

“ಸಿನಿಮಾ ನೋಡಿದ್ದು ಹೇಳ್ದೆ. ಹತ್ತು ಜಪ ಮಾಡು ಅಂದ್ರು. ಬೇರೆ ಏನಿದೆ ನನ್ಹತ್ರ?”

ಬಾಗಿಲ ಬಳಿ ತೀರ್ಥದಲ್ಲಿ ಬೆರಳದ್ದಿ ಶಿಲುಬೆ ಗುರುತು ಹಾಕಿಕೊಂಡ ಅವಳು, “ಪಾಪ, ಆ ತಮ್ಮ!” ಎಂದು ಮತ್ತೊಮ್ಮೆ ಕಣ್ಣೊರೆಸಿಕೊಂಡು ತಂಗಿಯ ಮನೆಯ ಕಡೆ ನಡೆದಳು.